ಹೊನ್ನಬೈಲಿನ ನೀರಿಗೆ ದಾರಿ ಬಿಡಿಸಿದ ಬೆಳ್ಳಿ

ಹೊನ್ನಬೈಲಿನಲ್ಲಿ ನಾನು ಇಪ್ಪತ್ತಾರು ವರ್ಷ ಶಾಖಾ ಅಂಚೆ ಕಚೇರಿ ನಡೆಸಿದೆ. ಕಚೇರಿ ಅಂದರೆ ನಮ್ಮ ಮನೆಯ ಜಗಲಿಯ ಒಂದು ಮೂಲೆ, ಒಂದು ಮೇಜು, ಒಂದು ಮುದ್ರೆ. ಪತ್ರ ಇರಲಿ ಇಲ್ಲದಿರಲಿ, ಊರಿನವರು ದಿನಕ್ಕೊಮ್ಮೆ ಅಲ್ಲಿಗೆ ಬಂದು ಕೂತು ಹೋಗುತ್ತಿದ್ದರು. ಹಾಗಾಗಿ ಯಾರ ಮನೆಯಲ್ಲಿ ಏನಾಯಿತು ಎಂಬುದು ನನ್ನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಬೆಳ್ಳಿಯ ವಿಷಯ ಬರೆಯಲು ನನಗಿರುವ ಅರ್ಹತೆ ಅಷ್ಟೆ. ಅವಳ ಜೊತೆ ಮೊದಲ ವರ್ಷವೇ ನಾನು ನಿಂತಿದ್ದೆ ಎಂದು ಬರೆದುಕೊಳ್ಳಲು ಆಸೆಯಿದೆ. ಆದರೆ ಅದು ಸುಳ್ಳಾಗುತ್ತದೆ.

ಊರಿನ ಸ್ಥಿತಿ ಮೊದಲು ಹೇಳಬೇಕು. ತೆಕ್ಕಟ್ಟೆಯಿಂದ ಕೋಟೇಶ್ವರದ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಮೂಡುಗಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮೂವತ್ತೆಂಟು ಮನೆಗಳು. ಸುತ್ತ ಗದ್ದೆ ಬೈಲು, ನಡುವೆ ಒಂದು ತೋಡು. ಮೂಡಣ ಗುಡ್ಡಗಳ ಮಳೆನೀರೆಲ್ಲ ಈ ತೋಡಿಗೇ ಇಳಿದು, ಹೆದ್ದಾರಿಯ ಕೆಳಗಿರುವ ಹಳೆಯ ಕಲ್ಲಿನ ಮೋರಿಯನ್ನು ದಾಟಿ, ಪಡುಗಡೆಯ ಉಪ್ಪುನೀರಿನ ಹೊಳೆ ಸೇರಬೇಕು. ಸೇರುವ ಜಾಗದಲ್ಲಿ ಒಂದು ಕಿಂಡಿ ಅಣೆಕಟ್ಟು. ಬೇಸಿಗೆಯಲ್ಲಿ ಉಪ್ಪುನೀರು ಗದ್ದೆಗೆ ಏರಬಾರದೆಂದು ಅದರ ಕಿಂಡಿಗಳಿಗೆ ಮರದ ಹಲಗೆ ಇಳಿಸುತ್ತಾರೆ. ಮಳೆ ಹಿಡಿಯುವ ಮೊದಲು ಅವನ್ನು ಎತ್ತಿ ತೆಗೆಯಬೇಕು.

ಬೆಳ್ಳಿ ಬೈಂದೂರು ಕಡೆಯವಳು. ಅವಳ ಅಪ್ಪ ಹೊಳೆಯಲ್ಲಿ ಜನರನ್ನು ದೋಣಿ ದಾಟಿಸುತ್ತಿದ್ದವರು. ಸೋಮ ಪೂಜಾರಿಯನ್ನು ಮದುವೆಯಾಗಿ ನಮ್ಮೂರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಸೋಮ ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ಸಂಜೆಯೇ ಇಳಿಯುವುದು. ಬೆಳ್ಳಿ ನಟ್ಟಿಗೆ, ಕೊಯ್ಲಿಗೆ ಹೋಗುತ್ತಿದ್ದಳು. ಮೂರನೆಯ ತರಗತಿಯವರೆಗೆ ಓದಿದ್ದಳು. ಮಾತು ಕಡಿಮೆ. ತೋಡಿನ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಮಾತ್ರ ಒಂದು ಕ್ಷಣ ನಿಂತು ನೀರನ್ನು ನೋಡಿಯೇ ಮುಂದೆ ಹೋಗುತ್ತಿದ್ದಳು. ಅಪ್ಪನ ಮನೆಯಿಂದ ಬಂದ ರೂಢಿ ಇರಬೇಕು ಎಂದುಕೊಂಡಿದ್ದೆವು.

ಸಾವಿರದ ಒಂಬೈನೂರ ತೊಂಬತ್ತೇಳರ ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ಮೂರನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಳ್ಳಿಯ ಅತ್ತೆ ಪದ್ದು ಒಲೆಯ ಮುಂದೆ ಕೂತು ಗಂಜಿ ಬೇಯಿಸುತ್ತಿದ್ದಳು. ಏಳು ವರ್ಷದ ಮಗಳು ಪ್ರಫುಲ್ಲಾ ಶಾಲೆಗೆ ರಜೆ ಎಂದು ಮನೆಯಲ್ಲೇ ಇದ್ದಳು.

"ಹೆಣೆ ಬೆಳ್ಳಿ, ಇಲ್ಕಾಣ್. ಒಲಿ ಒಳ್ಗೆ ನೀರ್ ಬಪ್ಪುಕೆ ಸುರು ಆಯ್ತ್," ಎಂದು ಪದ್ದು ಕೂಗಿದಳು.

ನೀರು ಬಾಗಿಲಿನಿಂದ ಬಂದಿರಲಿಲ್ಲ. ಮಣ್ಣಿನ ಗೋಡೆಯ ಬುಡದಿಂದ ಜಿನುಗಿ ಬಂದಿತ್ತು. ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಏರಿತು. ಬೆಳ್ಳಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಮಗಳ ಕೈ ಹಿಡಿದು, ಎತ್ತರದಲ್ಲಿದ್ದ ನಮ್ಮ ಜಗಲಿಗೆ ತಂದು ಕೂರಿಸಿದಳು. ಮತ್ತೆ ಹೋಗಿ ದನದ ಹಗ್ಗ ಬಿಚ್ಚುತ್ತಿದ್ದಾಗ ಅವಳ ಕಣ್ಣೆದುರೇ ಪಡುಗಡೆಯ ಗೋಡೆ ಕುಸಿಯಿತು. ಅಟ್ಟದಲ್ಲಿ ಮಳೆಗಾಲಕ್ಕೆಂದು ಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟಿದ್ದ ಎರಡು ಅಕ್ಕಿ ಮುಡಿ ಕೆಸರಿಗೆ ಬಿದ್ದವು. ದನವನ್ನು ಎಳೆದುಕೊಂಡು ಬಂದವಳ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಆ ದಿನ ನಮ್ಮ ಜಗಲಿಯಲ್ಲಿ ಹನ್ನೊಂದು ಮನೆಯ ಜನ ಇದ್ದರು. ಜೀವಹಾನಿ ಆಗಲಿಲ್ಲ. ಆದರೆ ಬಾವಿಗಳಿಗೆಲ್ಲ ಕೊಳಕು ನೀರು ಇಳಿದು, ಎರಡು ತಿಂಗಳು ಅರ್ಧ ಮೈಲಿ ನಡೆದು ಕುಡಿಯುವ ನೀರು ಹೊರಬೇಕಾಯಿತು.

ಸಂಜೆ ಸೋಮ ಹೆದ್ದಾರಿಯಿಂದ ಎದೆಮಟ್ಟ ನೀರಿನಲ್ಲಿ ನಡೆದುಕೊಂಡೇ ಬಂದ. ಮನೆಯವರು ಕ್ಷೇಮವಾಗಿದ್ದಾರೆ ಎಂದು ಕಂಡ ಮೇಲೆ ಒಂದು ಮಾತು ಹೇಳಿದ.

"ಮೋರಿ ಈಚಿಗೆ ನೀರ್ ಕಲ್ಲಿನ ತಲಿಗೆ ಮುಟ್ಟಿತ್ತ್. ಆಚಿಗೆ ಒಂದ್ ಮೊಳ ಕೆಳ್ಗೆ ಇತ್ತ್. ಅದ್ ಹ್ಯಾಂಗೆ ಅಂದೇ ತಿಳೂದಿಲ್ಲೆ."

ಆ ಮಾತು ನಮಗೆ ಯಾರಿಗೂ ನಾಟಲಿಲ್ಲ. ಮರುದಿನ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ ಗಂಡಸರು, "ಮಳಿ ಬಂದ್ರೆ ನೆರಿ ಬತ್ತ್. ಅದ್ಕೆ ಎಂತ ಮಾಡುಕಾತ್ತ್?" ಎಂದರು. ನಾನೂ ಹೌದೆಂದೆ. ಬೆಳ್ಳಿ ಕೇಳಿಸಿಕೊಂಡಳು. ಮಳೆಗೆಂದು ಎಲೆಯಲ್ಲಿ ಹೆಣೆದ ಗೊರಬನ್ನು ತಲೆಗೆ ಹಾಕಿಕೊಂಡು, ಒಂದು ಬಿದಿರಿನ ಕೋಲು ಹಿಡಿದು ತೋಡಿನ ಬದಿಯಲ್ಲೇ ಪಡುವಣಕ್ಕೆ ನಡೆದು ಹೋದಳು. ಬಿದ್ದ ಗೋಡೆ ಎತ್ತುವುದು ಬಿಟ್ಟು ಇವಳು ಎಲ್ಲಿಗೆ ಹೊರಟಳು ಎಂದು ಪದ್ದು ಬೈದುಕೊಂಡಳು.

ಮಧ್ಯಾಹ್ನ ಮೂರು ಗಂಟೆಗೆ ವಾಪಸು ಬಂದು ನನ್ನ ಮೇಜಿನ ಮುಂದೆ ನಿಂತಳು. ಸೀರೆ ಸೊಂಟದವರೆಗೆ ಕೆಸರು.

"ಪೋಸ್ಟ್ ಮಾಸ್ಟ್ರೇ, ಮೂರ್ ಕಡಿಗೆ ನೀರಿನ ಕುತ್ಗಿ ಹಿಡ್ದಿತ್ತ್," ಎಂದಳು.

ಒಂದೊಂದಾಗಿ ಹೇಳಿದಳು. ಲೀಲಾಧರ ಶೆಟ್ಟರು ತೆಂಗಿನ ತೋಟಕ್ಕೆ ಕಟ್ಟಿದ ಹೊಸ ಕಲ್ಲಿನ ಪಾಗಾರ ತೋಡಿನೊಳಕ್ಕೆ ಬಂದು, ಹನ್ನೆರಡು ಮೊಳ ಅಗಲವಿದ್ದ ತೋಡು ಅಲ್ಲಿ ಆರು ಮೊಳಕ್ಕೆ ಇಳಿದಿದೆ. ಹೆದ್ದಾರಿಯ ಮೋರಿಯಲ್ಲಿ ಅರ್ಧದಷ್ಟು ಹೂಳು. ಇನ್ನು ಅಣೆಕಟ್ಟಿನಲ್ಲಿ ಬೇಸಿಗೆಯ ಹಲಗೆಗಳು ಹಾಕಿದ ಹಾಗೆಯೇ ಇವೆ. ಹಲಗೆ ಎತ್ತುತ್ತಿದ್ದ ಮುದುಕ ಶಿವರಾತ್ರಿಯ ಸುಮಾರಿಗೆ ತೀರಿಕೊಂಡಿದ್ದ. ನಾವೆಲ್ಲ ಅವನ ಹದಿಮೂರನೆಯ ದಿನದ ಊಟಕ್ಕೂ ಹೋಗಿದ್ದೆವು. ಅವನ ಕೆಲಸ ಇನ್ನು ಯಾರದು ಎಂದು ಒಬ್ಬರೂ ಕೇಳಿರಲಿಲ್ಲ.

"ಮಳಿ ದೇವ್ರದ್ದ್. ಹಲ್ಗಿ ನಮ್ದಲ್ದಾ?" ಎಂದಳು ಬೆಳ್ಳಿ.

ಮುಂದಿನ ಬೇಸಿಗೆಯಲ್ಲಿ ಅವಳು ಹೇಳಿದಂತೆ ನಾನು ಎರಡು ಅರ್ಜಿ ಬರೆದೆ, ಹಲಗೆಯ ಬಗ್ಗೆ ಪಂಚಾಯತ್‌ಗೆ ಒಂದು, ಹೂಳಿನ ಬಗ್ಗೆ ಹೆದ್ದಾರಿ ಇಲಾಖೆಗೆ ಒಂದು. ಮೇ ತಿಂಗಳು ಅರ್ಧ ಕಳೆದರೂ ಉತ್ತರ ಬರಲಿಲ್ಲ. ಪ್ರತಿದಿನ ಟಪಾಲು ಚೀಲ ಬಿಚ್ಚುವ ಹೊತ್ತಿಗೆ ಬಂದು ನಿಲ್ಲುತ್ತಿದ್ದವಳು ಒಂದು ದಿನ, "ಸಾಕ್ ಮಾಸ್ಟ್ರೇ, ಮಳಿ ಕಾಗ್ದ ಕಾಯ್ಕಂಡ್ ಕೂಕಂಬುದಿಲ್ಲ," ಎಂದಳು. ಅವತ್ತೇ ಮನೆ ಮನೆಗೆ ಹೋಗಿ, ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಹಾರೆ, ಬುಟ್ಟಿ ಹಿಡಿದು ಮೋರಿಯ ಹತ್ತಿರ ಬನ್ನಿ ಎಂದು ಹೇಳಿ ಬಂದಳು. ನಮ್ಮ ಮನೆಗೂ ಬಂದಳು. ನಾನು ಬೆನ್ನು ನೋವು ಎಂದೆ. ಬೆನ್ನು ನೋವಿರಲಿಲ್ಲ. ಹೆಂಗಸೊಬ್ಬಳು ಕರೆದಳೆಂದು ಪೋಸ್ಟ್ ಮಾಸ್ಟರು ತೋಡಿಗೆ ಇಳಿಯುವುದೇ ಎಂಬ ನಾಚಿಕೆ.

ಭಾನುವಾರ ಬಂದವರು ಬೆಳ್ಳಿಯನ್ನೂ ಸೇರಿಸಿ ಆರು ಹೆಂಗಸರು, ಒಬ್ಬ ಸೋಮ. ಆ ಹೆಂಗಸರಲ್ಲಿ ಜಲಜ ಒಬ್ಬಳು. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವಳು, ದೊಡ್ಡ ಗಂಟಲು, ಯಾರಿಗೂ ಹೆದರದವಳು. ಹೆದ್ದಾರಿಯ ಬಸ್ಸುಗಳಿಂದ ಜನ ಕತ್ತು ಹೊರಗೆ ಹಾಕಿ ನೋಡಿದರು. ಒಬ್ಬ, "ಎಂತ ಹ್ವಾಯ್, ಚಿನ್ನ ಸಿಕ್ಕಿತ್ತಾ?" ಎಂದು ಕೂಗಿದ. "ಸಿಕ್ಕಿತ್ತ್, ಬಾ, ಬುಟ್ಟಿ ಹೊರುಕೆ ಜನ ಇಲ್ಲೆ," ಎಂದು ಜಲಜ ಬಸ್ಸಿನ ಹಿಂದಿನಿಂದಲೇ ಕೂಗಿದಳು. ಮೋರಿಯಿಂದ ಹೂಳಿನ ಜೊತೆ ತೆಂಗಿನ ಸಿಪ್ಪೆ, ಕೇದಗೆಯ ಬೇರು, ಒಂದು ಸೈಕಲ್ಲಿನ ರಿಮ್ಮು, ಯಾರದೋ ಮನೆಯ ಮುರಿದ ತೊಟ್ಟಿಲು ಎಲ್ಲ ಬಂದವು.

ಹೂಳು ತೆಗೆಯಲು ಮೂರು ಭಾನುವಾರ ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ಹಲಗೆ. ಒಂದೂವರೆ ವರ್ಷ ನೀರಿನಲ್ಲೇ ನಿಂತು ಉಬ್ಬಿ, ಕಲ್ಲಿನ ಸಂದಿಯಲ್ಲಿ ಕಚ್ಚಿಕೊಂಡಿದ್ದವು. ಆರು ಜನ ಹಿಡಿದು ಎಳೆದರೂ ಒಂದು ಬೆರಳು ಮೇಲೆ ಬರಲಿಲ್ಲ. ಜಲಜ ತನ್ನ ತಮ್ಮನ ಮನೆಗೆ ಹೋಗಿ ದೋಣಿಯನ್ನು ದಡಕ್ಕೆ ಎಳೆಯುವ ಹಗ್ಗವನ್ನೂ ಒಂದು ರಾಟೆಯನ್ನೂ ತಂದಳು. ಎರಡು ತೆಂಗಿನ ಕಂಬ ನೆಟ್ಟು, ಅಡ್ಡಕ್ಕೆ ಒಂದು ಕಂಬ ಕಟ್ಟಿ, ರಾಟೆ ತೂಗಿಸಿದರು. ಮೊದಲ ಹಲಗೆ ಎದ್ದಾಗ ಬಂದೂಕು ಹೊಡೆದಂತೆ ಸದ್ದಾಯಿತಂತೆ. ಇಪ್ಪತ್ತೆರಡು ಹಲಗೆ. ಬೆಳ್ಳಿ ಪ್ರತಿಯೊಂದರ ಮೇಲೂ ಸುಣ್ಣದಲ್ಲಿ ಸಂಖ್ಯೆ ಬರೆದು, ತನ್ನ ಕೊಟ್ಟಿಗೆಯ ಅಟ್ಟದಲ್ಲಿ ಒಣಗಲು ಇಟ್ಟಳು.

ಆ ಜುಲೈಯಲ್ಲೂ ಜೋರು ಮಳೆ. ನಾಲ್ಕು ದಿನ ಹೊಯ್ದಿತು. ನಾನು ಜಗಲಿಯಲ್ಲಿ ಕೂತು ಕೆಳಗಿನ ಮನೆಗಳನ್ನೇ ನೋಡುತ್ತಿದ್ದೆ. ಅಂಗಳಕ್ಕೆ ನೀರು ಬಂತು. ಬೆಳ್ಳಿಯ ಮನೆಯ ಮೊದಲ ಮೆಟ್ಟಿಲಿಗೆ ಮುಟ್ಟಿತು. ಅಲ್ಲೇ ನಿಂತಿತು. ಊರಿನವರೆಲ್ಲ ಮಾಡಿನ ಕೆಳಗೆ ನಿಂತು ಆ ಮೆಟ್ಟಿಲನ್ನೇ ನೋಡುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಮೆಟ್ಟಿಲು ಮತ್ತೆ ಪೂರ್ತಿ ಕಂಡಿತು. ಬೆಳ್ಳಿ ಗೊರಬಿನ ಕೆಳಗೆ ಸುಣ್ಣದ ಡಬ್ಬಿ ಹಿಡಿದು ತೋಡಿನುದ್ದಕ್ಕೂ ನಡೆಯುತ್ತ, ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿ ತೆಂಗಿನ ಮರಗಳಿಗೂ ಕರೆಂಟು ಕಂಬಗಳಿಗೂ ಗೆರೆ ಎಳೆಯುತ್ತಿದ್ದಳು.

ನನ್ನ ಹೆಂಡತಿ ವಿನಯಾ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ಬೆನ್ ನೋವ್ ಹ್ಯಾಂಗಿತ್ತ್ ಈಗ?"

ಮರುವರ್ಷ ಮೇ ತಿಂಗಳ ಮೂರನೆಯ ಭಾನುವಾರ ಮೂವತ್ತೊಂದು ಮನೆಯಿಂದ ಜನ ಬಂದರು. ನಾನೂ ಹೋದೆ. ಒಂದು ಗಂಟೆಯಲ್ಲಿ ಅಂಗೈಯಲ್ಲಿ ಬೊಕ್ಕೆ ಬಂತು. ಬೆಳ್ಳಿ ಕಂಡಳು. ನಗಲಿಲ್ಲ, ಹಾರೆ ಕಸಿದುಕೊಂಡು ಬುಟ್ಟಿ ಕೊಟ್ಟಳು. ಅಲ್ಲಿಂದ ಮುಂದೆ ಗೆರೆಗಳ ಎತ್ತರವನ್ನು ಅಳೆದು ಬರೆದಿಡುವ ಕೆಲಸ ನನ್ನದಾಯಿತು. ಹಳೆಯ ಒಂದು ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ವರ್ಷ, ತಿಂಗಳು, ಯಾವ ಕಂಬ, ಎಷ್ಟು ಎತ್ತರ ಎಂದು ಬರೆಯುತ್ತ ಹೋದೆ.

ಆದರೆ ಶೆಟ್ಟರ ಪಾಗಾರ ಹಾಗೆಯೇ ಇತ್ತು. ಲೀಲಾಧರ ಶೆಟ್ಟರು ಕೋಟೇಶ್ವರದಲ್ಲಿ ಅಂಗಡಿ ಇದ್ದ ಮನುಷ್ಯರು. ಕೆಟ್ಟವರಲ್ಲ. ಆದರೆ ತನ್ನದು ಎಂದದ್ದನ್ನು ಬಿಡುವವರೂ ಅಲ್ಲ. ಎರಡು ಸಲ ಬೆಳ್ಳಿ ಅವರ ಅಂಗಡಿಗೆ ಹೋಗಿ ಕೇಳಿದ್ದಳು. "ಅದ್ ನನ್ನ ಹೆಸ್ರಿನ ವರ್ಗ ಜಾಗ ಬೆಳ್ಳಿ. ತೋಡ್ ಬೇಕಾರೆ ಆಚಿಗೆ ಸರಿಲಿ," ಎಂದಿದ್ದರು.

ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಒಂದು ದಿನ ಮಳೆ ಸ್ವಲ್ಪ ಬಿಟ್ಟಾಗ ಶೆಟ್ಟರು ಕೊಡೆ ಹಿಡಿದು ತೋಟ ನೋಡಲು ಬಂದಿದ್ದರು. ಬೆಳ್ಳಿ ಅಲ್ಲೇ ಸುಣ್ಣದ ಗೆರೆ ಎಳೆಯುತ್ತಿದ್ದಳು. ನಾನೂ ಟೇಪು ಹಿಡಿದು ನಿಂತಿದ್ದೆ.

"ಶೆಟ್ರೇ, ಒಂದ್ ಗಳ್ಗಿ ಇಲ್ ಬನ್ನಿ," ಎಂದಳು. "ಪಾಗಾರದ ಮೂಡ್ ಬದಿ ಮರ ಕಾಣಿ. ಗೆರಿ ನನ್ ಸೊಂಟಕ್ ಬಂತ್. ಪಡು ಬದಿ ಮರ ಕಾಣಿ. ಮೊಣ್ಕಾಲಿಗಿತ್ತ್. ನಡುಗೆ ಇಪ್ಪುದ್ ಎಂತ?"

ಶೆಟ್ಟರು ಒಮ್ಮೆ ಆ ಮರ, ಒಮ್ಮೆ ಈ ಮರ ನೋಡಿದರು.

"ಸೊಂಟಕ್ ನಿಂತ ನೀರ್ ನಮ್ಮನಿಗ್ ಮಾತ್ರ ಬಪ್ಪುದಲ್ಲ ಶೆಟ್ರೇ. ನಿಮ್ಮ ಮೂಡ್ ಬದಿ ಹತ್ತ್ ಸಸಿ ಬುಡ ಕೊಳ್ತ್ ಹೋಯ್ತ್. ನಿಮ್ಮ ಪಾಗಾರವೇ ನಿಮ್ಮ ತೆಂಗ್ ಕೊಲ್ತಿತ್ತ್."

ಶೆಟ್ಟರು ಕೊಡೆ ಮಡಚಿ ಕೆಸರಿಗೇ ಇಳಿದು ಒಂದು ಸಸಿಯನ್ನು ಅಲ್ಲಾಡಿಸಿದರು. ಅದು ಕೈಗೇ ಬಂತು. ಆಮೇಲೆ ಪಾಗಾರದ ಉದ್ದ ಹೆಜ್ಜೆಯಲ್ಲಿ ಅಳೆದರು. "ಎಷ್ಟ್ ಹಿಂದೆ ಹೋಯ್ಕ್?" ಎಂದು ಕೇಳಿದರು. ಬೆಳ್ಳಿ ಕೋಲಿನಿಂದ ನೆಲಕ್ಕೆ ಗೆರೆ ಹಾಕಿ ತೋರಿಸಿದಳು. ಬೇಸಿಗೆಯಲ್ಲಿ ಪಾಗಾರ ಆ ಗೆರೆಗೆ ಸರಿಯಿತು. ಕಲ್ಲು ಹೊರಲು ಊರಿನವರೆಲ್ಲ ಹೋದೆವು, ಶೆಟ್ಟರ ಮನೆಯಲ್ಲೇ ಎಲ್ಲರಿಗೂ ಊಟ.

ಅದೇ ಬೇಸಿಗೆಯಲ್ಲಿ ಬೆಳ್ಳಿ, ಸೋಮ ಹೊಸ ಮನೆ ಕಟ್ಟಿದರು. ಗಾರೆ ಕೆಲಸದ ದೇವು ಪಂಚಾಂಗಕ್ಕೆ, ಅಂದರೆ ಮನೆಯ ನೆಲಗಟ್ಟಿಗೆ, ಎರಡು ಸಾಲು ಕೆಂಪುಕಲ್ಲು ಸಾಕು ಎಂದ. ಬೆಳ್ಳಿ ಅವನನ್ನು ಕರೆಂಟು ಕಂಬದ ಹತ್ತಿರ ಕರೆದುಕೊಂಡು ಹೋಗಿ ತೊಂಬತ್ತೇಳರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತೋರಿಸಿ, "ಇದ್ರ ಮೇಲೆ ಒಂದ್ ಸಾಲ್," ಎಂದಳು. ನಾಲ್ಕು ಸಾಲಾಯಿತು. "ಇದ್ ಮನಿಯಾ, ದೇವಸ್ಥಾನವಾ?" ಎಂದು ದೇವು ತಮಾಷೆ ಮಾಡಿದ. ಒಂದೆರಡು ವರ್ಷದಲ್ಲಿ ಅವನೇ ಬೇರೆಯವರ ಮನೆ ಕಟ್ಟುವಾಗ, ಮೊದಲು ಬೆಳ್ಳಕ್ಕನ ಗೆರೆ ನೋಡಿ ಬನ್ನಿ ಎನ್ನತೊಡಗಿದ. ಬಾವಿಗಳ ಕಟ್ಟೆ ಎದೆಯೆತ್ತರಕ್ಕೆ ಏರಿತು. ಗೋಡೆಯ ಕೆಳಗಿದ್ದ ಕರೆಂಟಿನ ಪ್ಲಗ್ಗುಗಳು ಮೇಲೆ ಹೋದವು. ತಗ್ಗಿನಲ್ಲಿದ್ದ ನಾಲ್ಕು ಕೊಟ್ಟಿಗೆಗಳನ್ನು ದಿಬ್ಬಕ್ಕೆ ಸಾಗಿಸಿದರು. ಯಾರ ಮನೆಯಲ್ಲಿ ನಡೆಯಲಾಗದ ಮುದುಕರಿದ್ದಾರೆ, ನೀರು ಏರಿದರೆ ಅವರನ್ನು ಹೊರುವುದು ಯಾರು ಎಂಬುದನ್ನು ಕೂಡ ಬೆಳ್ಳಿ ಪ್ರತಿ ಮೇ ತಿಂಗಳು ಬಾಯಿಮಾತಿನಲ್ಲೇ ಹಂಚುತ್ತಿದ್ದಳು. ಆ ಹೊರೆ ಯಾರಿಗೂ ಹೊರಬೇಕಾಗಿ ಬರಲಿಲ್ಲ.

ಇಷ್ಟಾದ ಮೇಲೆ ಪಂಚಾಯತ್ ಚುನಾವಣೆಗೆ ನಿಲ್ಲು ಎಂದು ಎಲ್ಲರೂ ಒತ್ತಾಯಿಸಿದರು. ನಿಂತಳು. ಗೆದ್ದೇ ಗೆಲ್ಲುತ್ತಾಳೆ ಎಂದುಕೊಂಡಿದ್ದೆವು. ಹನ್ನೊಂದು ಮತಗಳಲ್ಲಿ ಸೋತಳು. ಗೆದ್ದವನು ಹೆದ್ದಾರಿ ಬದಿಯಲ್ಲಿ ಗೊಬ್ಬರದ ಅಂಗಡಿ ಇದ್ದ ರಾಜೇಂದ್ರ. ಜಲಜ ಒಂದು ವಾರ ಊರಿನವರ ಮೇಲೆ ಕಿಡಿ ಕಾರಿದಳು. ಇನ್ನು ಬೆಳ್ಳಿ ತೋಡಿನ ಕಡೆ ತಲೆ ಹಾಕುವುದಿಲ್ಲ ಎಂದು ನನಗೂ ಅನಿಸಿತು. ಮೇ ಮೂರನೆಯ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಹೋಗಿ ನೋಡಿದರೆ ಅವಳು ಆಗಲೇ ನೀರಿಗೆ ಇಳಿದಿದ್ದಳು. ಸ್ವಲ್ಪ ಹೊತ್ತಿಗೆ ರಾಜೇಂದ್ರ, ಬಿಳಿ ಶರಟು ಹಾಕಿ, ಹೆಗಲ ಮೇಲೆ ಹೊಸ ಹಾರೆ ಇಟ್ಟುಕೊಂಡು ಬಂದ.

ಬೆಳ್ಳಿ ತಲೆ ಎತ್ತಿ ನೋಡಿ, "ಅಂಗಿ ತೆಗ್ದಿಡಿ ಮೆಂಬ್ರೇ, ಕೆಸ್ರ್ ಹೋತಿಲ್ಲೆ," ಎಂದಳು.

ರಾಜೇಂದ್ರ ನಕ್ಕ, ಎಲ್ಲರೂ ನಕ್ಕರು. ಆ ವರ್ಷವೇ ಅವನು ಓಡಾಡಿ, ಹಲಗೆ ಹಾಕುವ, ತೆಗೆಯುವ ಕೆಲಸವನ್ನು ಪಂಚಾಯತ್ ಠರಾವಿನ ಮೂಲಕ, ತೋಡಿಗೆ ಇಳಿಯುವ ಹೆಂಗಸರನ್ನು ಸೇರಿಸಿ ಬೆಳ್ಳಿ ಕಟ್ಟಿದ್ದ ಮಹಿಳಾ ಸಂಘಕ್ಕೆ ಒಪ್ಪಿಸಿದ. ಹಲಗೆ ಯಾರ ಕೆಲಸ ಎಂಬ ಪ್ರಶ್ನೆ ಮತ್ತೆ ಏಳಲಿಲ್ಲ.

ಹೀಗೆ ಹದಿನೈದು ಹದಿನಾರು ವರ್ಷ ಮನೆಗೆ ನೀರು ಬರದೆ ಕಳೆಯಿತು. ಸಣ್ಣ ಮಕ್ಕಳಿಗೆ ನೆರೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಪದ್ದು ತೀರಿಕೊಂಡಳು, ಪ್ರಫುಲ್ಲಾ ಓದಿ ಶಾಲೆಯಲ್ಲಿ ಟೀಚರ್ ಆದಳು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮೂರಿಗೆ ಬಂತು.

ಹಳೆಯ ರಸ್ತೆಯ ಮೂಡುಗಡೆಗೆ, ಅಂದರೆ ನಮ್ಮ ಬದಿಗೆ, ಹೊಸ ರಸ್ತೆಗೆಂದು ಆಳೆತ್ತರ ಮಣ್ಣು ಸುರಿದರು. ಹಳೆಯ ಕಲ್ಲಿನ ಮೋರಿ ಹಳೆಯ ರಸ್ತೆಯ ಕೆಳಗೆ ಹಾಗೆಯೇ ಇತ್ತು. ಆದರೆ ಅದರ ಮುಂದೆ ಹೊಸ ಮಣ್ಣಿನ ಕೆಳಗೆ ಇಟ್ಟದ್ದು ಎರಡು ಸಿಮೆಂಟು ಪೈಪು. ಎರಡು ಸಾವಿರದ ಹದಿನಾಲ್ಕರ ಏಪ್ರಿಲ್ಲಿನಲ್ಲಿ ಬೆಳ್ಳಿ ಹೋಗಿ ನೋಡಿದಳು. ಪೈಪಿನೊಳಗೆ ತಲೆ ಹಾಕಿದಳು. ತನ್ನ ಕೋಲಿನಿಂದ ಅದರ ಬಾಯಿ ಅಳೆದಳು. ಅಲ್ಲಿಯ ಇಂಜಿನಿಯರು ರವಿಚಂದ್ರ ಎಂಬ ಯುವಕ, ಘಟ್ಟದ ಮೇಲಿನವನು.

"ಡ್ರಾಯಿಂಗ್‌ನಲ್ಲಿ ಎರಡು ಪೈಪೇ ಇರೋದು ಅಮ್ಮ. ಮೇಲಿನಿಂದ ಬಂದಿರೋದು. ನಾನು ಬದಲಾಯಿಸೋಕೆ ಆಗಲ್ಲ," ಎಂದ.

"ಬದ್ಲ್ ಮಾಡ್ ಅಂದ್ ನಾ ಹೇಳ್ಲಿಲ್ಲೆ ಮಗಾ," ಎಂದಳು ಬೆಳ್ಳಿ. "ನನ್ನೊಟ್ಟಿಗೆ ಒಂದ್ ತಾಸ್ ನಡ್ಕಂಡ್ ಬಾ. ಕಂಡಾರ್ ಮೇಲೆ ಎಂತ ಹೇಳ್ತ್ಯೋ ಹೇಳ್."

ಯಾಕೋ, ಅವನು ಬಂದ. ಮೂರು ಗಂಟೆಗೆ ಬೂಟು ಹಾಕಿಕೊಂಡು ಹೊರಟವನು ಐದು ಗಂಟೆಗೆ ಬೂಟನ್ನು ಕೈಯಲ್ಲಿ ಹಿಡಿದು ನಮ್ಮ ಜಗಲಿಗೆ ಬಂದ. ಕಂಬಗಳ ಮೇಲೆ ಒಂದರ ಮೇಲೊಂದು ಇದ್ದ ಗೆರೆಗಳನ್ನೆಲ್ಲ ನೋಡಿದ್ದ. ನಾನು ರಿಜಿಸ್ಟರು ತೆಗೆದು ಮುಂದಿಟ್ಟೆ. ಹದಿನಾರು ಮಳೆಗಾಲ. ಅವನು ಒಂದೊಂದೇ ಪುಟ ತಿರುಗಿಸುತ್ತ ಕೊನೆಯವರೆಗೂ ಓದಿದ.

"ಇಷ್ಟು ವರ್ಷದ್ದು ನಮ್ಮ ಆಫೀಸಿನಲ್ಲೂ ಇಲ್ಲ ಸರ್," ಎಂದು ನನಗೆ ಹೇಳಿದ.

"ನಂಗ್ ಹೇಳ್ಬೇಡಿ, ಅವ್ಳಿಗ್ ಹೇಳಿ," ಎಂದೆ.

ಅವನು ಎದ್ದು ನಿಂತು ಬೆಳ್ಳಿಗೆ ಕೈ ಮುಗಿದ. ಬೆಳ್ಳಿಗೆ ನಾಚಿಕೆಯಾಗಿ, "ಚಾ ಕುಡಿನಿ, ತಣಿತ್ತ್," ಎಂದಳು. ಆ ಗಳಿಗೆಯಲ್ಲಿ ನನ್ನ ಎದೆ ಉಬ್ಬಿದ್ದನ್ನು ನಾನು ಮುಚ್ಚಿಡುವುದಿಲ್ಲ.

ರವಿಚಂದ್ರ ಎಲ್ಲ ಹಾಳೆಗಳ ಫೋಟೊ ತೆಗೆದು, ಇಲ್ಲಿ ಪೈಪು ಸಾಲದು, ದೊಡ್ಡ ಮೋರಿಯೇ ಬೇಕು ಎಂದು ಮೇಲಕ್ಕೆ ಬರೆದ. ಉತ್ತರ ಬರುವುದು ತಡವಾಯಿತು. ಮೇ ಮೂರನೆಯ ಭಾನುವಾರ ಬಂತು. ಎಂದಿನಂತೆ ನಾವೆಲ್ಲ, ಎಂಬತ್ತಕ್ಕೂ ಹೆಚ್ಚು ಜನ, ತೋಡು ಹೆರೆಯುತ್ತ ಹೆರೆಯುತ್ತ ಮಣ್ಣಿನ ಆ ಗೋಡೆಯ ಬುಡಕ್ಕೆ ಬಂದು ನಿಂತೆವು. ಮುಂದೆ ಹೋಗಲು ತೋಡೇ ಇರಲಿಲ್ಲ. ಮಳೆಗೆ ಇನ್ನು ಹತ್ತು ಹದಿನೈದು ದಿನ. ಕೆಲವರು ಹೆದ್ದಾರಿಗೆ ಅಡ್ಡ ಕೂರೋಣ ಎಂದರು. ಜಲಜ ಸೆರಗು ಸಿಕ್ಕಿಸಿ ಹೊರಟೇಬಿಟ್ಟಿದ್ದಳು.

"ಬ್ಯಾಡ," ಎಂದಳು ಬೆಳ್ಳಿ. "ಬಸ್ಸಗೆ ಹೋಪರ್ ಎಂತ ಮಾಡಿರ್? ಆ ಮಾಣಿನ್ನ ಕರಿನಿ."

ರವಿಚಂದ್ರ ಬಂದ. ಹಾರೆ ಬುಟ್ಟಿ ಹಿಡಿದ ಎಂಬತ್ತು ಜನ ಅವನನ್ನು ನೋಡಿದರು, ಬೈಯಲಿಲ್ಲ, ಕೂಗಲಿಲ್ಲ. ಬೆಳ್ಳಿ ಮಣ್ಣಿನ ಗುಡ್ಡೆಗೆ ಕೋಲು ಊರಿ, "ಮಗಾ, ನಿನ್ನ ಪೈಪ್ ಬೇಡ ಅಂಬುದಿಲ್ಲ. ಈ ಒಂದ್ ಮಳಿಗಾಲ ನೀರಿಗ್ ಹೋಪುಕ್ ದಾರಿ ಬಿಡ್. ರಸ್ತೆ ಮತ್ತ್ ಮಾಡ್ಲಕ್ಕ್. ಗೋಡಿ ಬಿದ್ದ್ ಯಾರಾರೂ ಸತ್ರೆ ಹೋದ ಜೀವ ವಾಪಸ್ ತಪ್ಪುಕಾತ್ತಾ?" ಎಂದಳು.

ಅವನು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ. ಆಚೆಯವರು ಒಪ್ಪಿದಂತೆ ಕಾಣಲಿಲ್ಲ. ಫೋನು ಕಿಸೆಗಿಟ್ಟು, ಒಮ್ಮೆ ತೋಡಿನ ಕಡೆ, ಒಮ್ಮೆ ನಮ್ಮ ಮನೆಗಳ ಕಡೆ ನೋಡಿದ. ಆಮೇಲೆ ಜೆಸಿಬಿಯವನನ್ನು ಕರೆದು, ಪೈಪು ಎತ್ತಿ ಪಕ್ಕಕ್ಕಿಡು, ಹಳೆಯ ಮೋರಿಯ ಅಗಲಕ್ಕೆ ಮಣ್ಣು ಕಡಿ ಎಂದ. ವಾಹನಗಳು ಇನ್ನೂ ಹಳೆಯ ರಸ್ತೆಯಲ್ಲೇ ಓಡುತ್ತಿದ್ದುದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಸಂಜೆಯ ಹೊತ್ತಿಗೆ ಹೊಸ ಮಣ್ಣಿನ ನಡುವೆ ತೋಡು ಮತ್ತೆ ತೆರೆದುಕೊಂಡಿತು. ಬದಿ ಕುಸಿಯದಂತೆ ನಾವು ಗೋಣಿಗಳಿಗೆ ಮರಳು ತುಂಬಿ ಎರಡೂ ಕಡೆ ಒಟ್ಟಿದೆವು. ಆ ಹುಡುಗನಿಗೆ ಮೇಲಿನವರಿಂದ ಬೈಗುಳ ಸಿಕ್ಕಿತು ಎಂದು ಆಮೇಲೆ ತಿಳಿಯಿತು. ಅವನು ಅದನ್ನು ನಮಗೆ ಹೇಳಿಕೊಳ್ಳಲಿಲ್ಲ.

ಆ ವರ್ಷದ ಜುಲೈ ಮಳೆ ತೊಂಬತ್ತೇಳರದ್ದಕ್ಕಿಂತ ಕಡಿಮೆಯದಲ್ಲ. ಎರಡನೆಯ ದಿನ ಮಧ್ಯಾಹ್ನ ನಾನು ಕೊಡೆ ಹಿಡಿದು ಹೆದ್ದಾರಿಗೆ ಹೋದೆ. ಕೆಂಪು ನೀರು ಆ ಕಡಿತದಲ್ಲಿ ಅಂಚಿಗೆ ತಾಗಿ, ಮರಳಿನ ಗೋಣಿಗಳನ್ನು ನೆಕ್ಕುತ್ತ ಪಡುವಣಕ್ಕೆ ಓಡುತ್ತಿತ್ತು. ರವಿಚಂದ್ರ ರೇನ್‌ಕೋಟು ಹಾಕಿ ಅಲ್ಲೇ ನಿಂತಿದ್ದ. ಬೆಳ್ಳಿ ಅವನ ಪಕ್ಕದಲ್ಲಿದ್ದಳು. ಇಬ್ಬರೂ ನೀರನ್ನೇ ನೋಡುತ್ತಿದ್ದರು. ಎರಡು ಪೈಪು ಮಾತ್ರ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ನಮಗೆ ಮೂವರಿಗೂ ಕಣ್ಣಿಗೆ ಕಾಣುತ್ತಿತ್ತು. ಊರಿನ ಒಂದು ಮನೆಗೂ ನೀರು ಬರಲಿಲ್ಲ. ಬೆಳ್ಳಿಯ ಮನೆಯಲ್ಲಿ ಆ ಮಧ್ಯಾಹ್ನ ಪ್ರಫುಲ್ಲಾ ಹಪ್ಪಳ ಕಾಯಿಸಿ ಎಲ್ಲರಿಗೂ ಕೊಟ್ಟಳು.

ಮಳೆ ಬಿಟ್ಟ ಮೇಲೆ ಮೇಲಿನ ಒಪ್ಪಿಗೆ ಬಂತು. ಮರುವರ್ಷದ ಮಳೆಗೆ ಮೊದಲೇ ಅಲ್ಲಿ ದೊಡ್ಡದೊಂದು ಕಾಂಕ್ರೀಟು ಮೋರಿ ಎದ್ದಿತು. ಅದರೊಳಗೆ ಆಳು ನೆಟ್ಟಗೆ ನಡೆದು ಹೋಗಬಹುದು. ಕೆಲಸ ಮುಗಿದ ದಿನ ಬೆಳ್ಳಿಯೂ ಜಲಜಳೂ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಬಂದರು. ಜಲಜ ಒಳಗಿನಿಂದ ಒಂದು ಸಲ ಕೂಗು ಹಾಕಿ, ತನ್ನ ಗಂಟಲಿನ ಪ್ರತಿಧ್ವನಿ ಕೇಳಿ ಖುಷಿಪಟ್ಟಳು.

ಇವತ್ತಿಗೂ ಕುಂದಾಪುರ ಪೇಟೆಯಲ್ಲಿ ನಾನು ಹೊನ್ನಬೈಲಿನವನು ಎಂದರೆ, "ಹೋ, ನೆರಿ ಬಾರದ ಊರಾ?" ಎನ್ನುವವರಿದ್ದಾರೆ. ಸಣ್ಣ ಊರಿಗೆ ಹೆಸರು ಬರುವುದು ಕಷ್ಟ. ನಮಗೆ ಬಂದದ್ದು ಹೀಗೆ.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಸಾಸ್ತಾನದ ಕಡೆಯ ಒಂದು ಊರಿನಿಂದ ನಾಲ್ಕು ಜನ ಬೆಳ್ಳಿಯ ಮನೆಗೆ ಬಂದರು. ಹಿಂದಿನ ಎರಡು ಮಳೆಗಾಲದಲ್ಲೂ ಅವರ ಇಪ್ಪತ್ತು ಮನೆಗಳಿಗೆ ನೀರು ಹೊಕ್ಕಿತ್ತು. ಅವರ ಊರಿನ ಬೆಳ್ಳಿ ಯಾರಾಗಬೇಕು ಎಂದು ಅವರಿಗೆ ಗೊತ್ತಿರಲಿಲ್ಲ, ಅದಕ್ಕೆ ನಮ್ಮವಳನ್ನೇ ಕೇಳಿಕೊಂಡು ಬಂದಿದ್ದರು. ಆಗ ಅವಳಿಗೆ ಐವತ್ತು ದಾಟಿತ್ತು, ಮೊಣಕಾಲು ನೋವು ಬೇರೆ.

"ನಂಗೆ ನಿಮ್ಮೂರ್ ತೋಡ್ ಗೊತ್ತಿಲ್ಲೆ," ಎಂದಳು. "ಬತ್ತೆ. ಆರೆ ನಾ ಒಬ್ಳೇ ನಡುದಲ್ಲ. ನಿಮ್ಮ ಹೆಂಗ್ಸ್ರ್ ಸಾ ನನ್ನೊಟ್ಟಿಗೆ ನಡಿಕ್."

ಮರುದಿನ ಅವಳು, ಜಲಜ, ನಾನು ಮೂವರೂ ಬಸ್ಸು ಹತ್ತಿದೆವು. ಅಲ್ಲಿ ಇಳಿದಾಗ ಹದಿನಾಲ್ಕು ಹೆಂಗಸರು ಕಾದು ನಿಂತಿದ್ದರು, ಕೆಲವರ ಕೈಯಲ್ಲಿ ಆಗಲೇ ಹಾರೆ. ಬೆಳ್ಳಿ ಸೀರೆ ಎತ್ತಿ ಕಟ್ಟಿಕೊಂಡು, "ನೀರ್ ಮೊದ್ಲ್ ಬಪ್ಪುದ್ ಯಾರ್ ಮನಿಗೆ?" ಎಂದು ಕೇಳಿದಳು. ಒಬ್ಬಳು ಕೈ ಎತ್ತಿದಳು. ಅವಳನ್ನು ಮುಂದೆ ಮಾಡಿಕೊಂಡು ಎಲ್ಲರೂ ತೋಡಿನ ಬದಿ ಹಿಡಿದು ಪಡುವಣಕ್ಕೆ ನಡೆದರು.